ಶಿಲೆಗಳ ಸಾಕ್ಷ್ಯ

ಹೊಳೆಯ ದಂಡೆಯಲ್ಲಿಯೋ ಹೊಲದ ಬದುವಿನಲ್ಲಿಯೋ ನಡೆಯುವಾಗ ಬಣ್ಣದ ಕಲ್ಲೊಂದು ಕಣ್ಣಿಗೆ ಬಿದ್ದರೆ ಅದನ್ನು ಎತ್ತಿಕೊಳ್ಳದ ಬಾಲಕ ಬಾಲಕಿಯರು ವಿರಳ. ಮನೆಗೆ ತಂದ ಕಲ್ಲು ಕೆಲವು ದಿನ ಗೋಡೆಯ ಗೂಡಿನಲ್ಲಿ ಕುಳಿತಿರುತ್ತದೆ. ಅನಂತರ ಅಂಗಳದ ಪಾಲಾಗುತ್ತದೆ. ಅದು ಎಲ್ಲಿ ಸಿಕ್ಕಿತೆಂಬುದು ಅಷ್ಟರಲ್ಲಿ ತಂದವರಿಗೇ ಮರೆತುಹೋಗಿರುತ್ತದೆ. ಭೂವಿಜ್ಞಾನಿಗಳೂ ಕಲ್ಲುಗಳನ್ನು ಆರಿಸುತ್ತಾರೆ. ಆದರೆ ಚೀಲಕ್ಕೆ ಹಾಕುವ ಮೊದಲು ಕಲ್ಲಿಗೆ ಒಂದು ಸಂಖ್ಯೆಯನ್ನು ಕೊಟ್ಟು, ಅದು ದೊರೆತ ಊರು, ಬಂಡೆಯ ಸ್ವರೂಪ, ಪದರಗಳ ವಾಲಿಕೆ, ಅಕ್ಕಪಕ್ಕದ ಶಿಲೆಗಳು ಇವೆಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆಟಕ್ಕೆ ಆರಿಸಿದ ಕಲ್ಲಿಗೂ ಅಧ್ಯಯನಕ್ಕೆ ಆರಿಸಿದ ಕಲ್ಲಿಗೂ ಇರುವ ಮುಖ್ಯ ವ್ಯತ್ಯಾಸ ಈ ಬರಹದಲ್ಲಿದೆ.

ವಿಶ್ವವಿದ್ಯಾನಿಲಯದ ಭೂವಿಜ್ಞಾನ ವಿಭಾಗದ ಸಂಗ್ರಹಾಲಯವೆಂದರೆ ಬಹುಮಟ್ಟಿಗೆ ಒಂದು ಉದ್ದನೆಯ ಕೊಠಡಿ, ಗಾಜಿನ ಮುಚ್ಚಳದ ಕೆಲವು ಪೆಟ್ಟಿಗೆಗಳು, ಗೋಡೆಯ ಉದ್ದಕ್ಕೂ ಮರದ ಕಪಾಟುಗಳು. ಅರಮನೆಗಳ ವಸ್ತುಪ್ರದರ್ಶನದಲ್ಲಿ ಕಾಣುವ ಥಳಕು ಅಲ್ಲಿ ಇರುವುದಿಲ್ಲ. ಒಂದು ಬದಿಯಲ್ಲಿ ಖನಿಜಗಳು, ಇನ್ನೊಂದು ಬದಿಯಲ್ಲಿ ಶಿಲೆಗಳು, ಮತ್ತೊಂದು ಬದಿಯಲ್ಲಿ ಪಳೆಯುಳಿಕೆಗಳು. ಪ್ರತಿಯೊಂದು ಕಲ್ಲಿನ ಮೈಮೇಲೆ ಬಿಳಿಯ ಬಣ್ಣದ ಚಿಕ್ಕ ಪಟ್ಟಿ, ಅದರ ಮೇಲೆ ಒಂದು ಸಂಖ್ಯೆ; ಕೆಳಗೆ ಒಂದು ಚೀಟಿ. ಮೊದಲ ಸಲ ಒಳಗೆ ಬಂದವರು ಕಲ್ಲುಗಳನ್ನು ನೋಡುತ್ತಾರೆ; ಬಲ್ಲವರು ಮೊದಲು ಚೀಟಿಗಳನ್ನು ಓದುತ್ತಾರೆ. ಚೀಟಿ ಕಳೆದುಹೋದ ಕಲ್ಲು ಎಷ್ಟೇ ಸುಂದರವಾಗಿದ್ದರೂ ಹೆಸರು ಊರುಗಳನ್ನು ಹೇಳಲಾರದ ಸಾಕ್ಷಿಯಂತೆ. ನ್ಯಾಯಾಲಯದಲ್ಲಿ ಅಂಥ ಸಾಕ್ಷಿಗೆ ಬೆಲೆಯಿಲ್ಲ. ವಿಜ್ಞಾನದಲ್ಲಿಯೂ ಬೆಲೆ ಕಡಿಮೆ.

ಈ ಮಾತನ್ನು ಚೆನ್ನಾಗಿ ಅರಿತವರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಒಬ್ಬರು. ದಕ್ಷಿಣ ಭಾರತದ ಬೆಟ್ಟಗುಡ್ಡಗಳನ್ನು ದಶಕಗಳ ಕಾಲ ಅಳೆದು ನೋಡಿದ ಈ ಭೂವಿಜ್ಞಾನಿ, ಚಿನ್ನ ಕಬ್ಬಿಣಗಳನ್ನು ಒಡಲಲ್ಲಿಟ್ಟುಕೊಂಡಿರುವ ಇಲ್ಲಿನ ಪುರಾತನ ಶಿಲಾಸಮೂಹಕ್ಕೆ 1880ರ ದಶಕದಲ್ಲಿ 'ಧಾರವಾಡ ಶಿಲಾಸ್ತೋಮ' ಎಂಬ ಹೆಸರನ್ನು ಕೊಟ್ಟರು. 1894ರಲ್ಲಿ ಮೈಸೂರು ಸಂಸ್ಥಾನವು ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮೊದಲ ಮುಖ್ಯಸ್ಥರಾದರು. ಅವರು ಕೂಡಿಟ್ಟ ಪ್ರಾಚೀನ ಮಾನವನ ಕಲ್ಲಿನ ಆಯುಧಗಳನ್ನು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವು ಕೊಂಡುಕೊಂಡಿತು. ಯಾವ ವಸ್ತು ಯಾವ ಸ್ಥಳದಲ್ಲಿ ದೊರೆಯಿತೆಂಬ ವಿವರವನ್ನು ಅವರು ಬರೆದಿಟ್ಟಿದ್ದರಿಂದಲೇ ಆ ಸಂಗ್ರಹವು ಇಂದಿಗೂ ವಿದ್ವಾಂಸರಿಗೆ ಉಪಯುಕ್ತವಾಗಿದೆ.

ಫೂಟ್ ಹೆಸರಿಸಿದ ಶಿಲಾಸಮೂಹದ ಒಂದು ಮುಖ್ಯ ಭಾಗವೇ ಚಿತ್ರದುರ್ಗದ ಶಿಲಾಪಟ್ಟಿ. ಗದಗಿನ ಕಡೆಯಿಂದ ಶ್ರೀರಂಗಪಟ್ಟಣದ ಕಡೆಗೆ ನಾಲ್ಕುನೂರು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಚಾಚಿಕೊಂಡಿರುವ ಈ ಪಟ್ಟಿಯು ಚಿತ್ರದುರ್ಗ, ಹೊಳಲ್ಕೆರೆ, ಹಿರಿಯೂರು, ಹೊಸದುರ್ಗ ತಾಲ್ಲೂಕುಗಳನ್ನು ಹಾದುಹೋಗುತ್ತದೆ. ಸಂಗ್ರಹಾಲಯದ ಕಪಾಟಿನಲ್ಲಿ ಈ ನಾಲ್ಕು ತಾಲ್ಲೂಕುಗಳ ಕಲ್ಲುಗಳನ್ನು ಸಾಲಾಗಿ ಇಟ್ಟರೆ ಭೂಮಿಯ ಬಾಲ್ಯದ ಚರಿತ್ರೆಯ ಹಲವು ಅಧ್ಯಾಯಗಳು ಅಲ್ಲಿ ದೊರೆಯುತ್ತವೆ. ಆ ಅಧ್ಯಾಯಗಳನ್ನು ಓದುವ ಬಗೆ ಹೇಗೆ?

ಮೊದಲ ಪಾಠ ಖನಿಜಗಳ ಪೆಟ್ಟಿಗೆಯಲ್ಲಿದೆ. ಚಿತ್ರದುರ್ಗ ಪಟ್ಟಣದ ಸಮೀಪದ ಇಂಗಳದಾಳಿನಲ್ಲಿ ಕಳೆದ ಶತಮಾನದ ಉತ್ತರಾರ್ಧದಲ್ಲಿ ಗಣಿ ತೋಡಿ ತಾಮ್ರದ ಅದಿರನ್ನು ತೆಗೆಯುತ್ತಿದ್ದರು. ಮುಂದೆ ಆ ಕೆಲಸ ನಿಂತುಹೋಯಿತು. ಅಲ್ಲಿನ ಅದಿರಿನಲ್ಲಿ ಎರಡು ಹಳದಿ ಖನಿಜಗಳು ಜೊತೆಜೊತೆಯಾಗಿರುತ್ತವೆ. ಒಂದು ಚಾಲ್ಕೊಪೈರೈಟ್, ಇದು ತಾಮ್ರ, ಕಬ್ಬಿಣ ಮತ್ತು ಗಂಧಕಗಳ ಸಂಯುಕ್ತ. ಇನ್ನೊಂದು ಪೈರೈಟ್, ಇದರಲ್ಲಿ ಕಬ್ಬಿಣ ಗಂಧಕಗಳು ಮಾತ್ರ ಇವೆ. ಎರಡೂ ಹೊಳೆಯುತ್ತವೆ, ಎರಡನ್ನೂ ಚಿನ್ನವೆಂದು ಭ್ರಮಿಸಿದವರುಂಟು. ಚಾಕುವಿನ ಮೊನೆಯಿಂದ ಗೀರಿದರೆ ಚಾಲ್ಕೊಪೈರೈಟಿನ ಮೇಲೆ ಗೆರೆ ಬೀಳುತ್ತದೆ. ಪೈರೈಟಿನ ಮೇಲೆ ಬೀಳುವುದಿಲ್ಲ. ಮೆರುಗಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದರೆ ಎರಡೂ ಹಸಿರು ಮಿಶ್ರಿತ ಕಪ್ಪು ಗೆರೆಯನ್ನು ಎಳೆಯುತ್ತವೆ; ನಿಜವಾದ ಚಿನ್ನ ಮಾತ್ರ ಚಿನ್ನದ ಬಣ್ಣದ ಗೆರೆಯನ್ನೇ ಎಳೆಯುತ್ತದೆ. ಅಕ್ಕಸಾಲಿಗರು ಒರೆಗಲ್ಲಿನ ಮೇಲೆ ಚಿನ್ನವನ್ನು ಉಜ್ಜಿ ನೋಡುವುದೂ ಇದೇ ತತ್ತ್ವದ ಮೇಲೆ. ಮೇಲ್ಮೈಯ ಹೊಳಪು ಮೋಸಗೊಳಿಸಬಹುದು. ಒರೆಯ ಬಣ್ಣ ಮೋಸಗೊಳಿಸುವುದು ಅಪರೂಪ.

ಕಬ್ಬಿಣದ ಅದಿರುಗಳನ್ನೂ ಹೀಗೆಯೇ ಪರೀಕ್ಷಿಸಬಹುದು. ನೋಡುವುದಕ್ಕೆ ಎರಡು ತುಂಡುಗಳು ಒಂದೇ ಬಗೆಯ ಕಪ್ಪಾಗಿದ್ದರೂ, ಉಜ್ಜಿದಾಗ ಕೆಂಪು ಕಂದು ಗೆರೆ ಮೂಡಿದರೆ ಅದು ಹೆಮಟೈಟ್. ಕಪ್ಪು ಗೆರೆ ಮೂಡಿ, ಅಯಸ್ಕಾಂತಕ್ಕೂ ಬಲವಾಗಿ ಅಂಟಿಕೊಂಡರೆ ಅದು ಮ್ಯಾಗ್ನಟೈಟ್. ಸುಣ್ಣಕಲ್ಲಿನ ಮೇಲೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿದ್ದರೆ ನೊರೆ ಉಕ್ಕುತ್ತದೆ. ಅದರ ಹತ್ತಿರದ ಬಂಧುವಾದ ಡೋಲಮೈಟಿನಲ್ಲಿ ಪುಡಿ ಮಾಡಿದ ಮೇಲೆಯೇ ನೊರೆ ಚೆನ್ನಾಗಿ ಕಾಣುತ್ತದೆ. ಚಾಕು, ಪಿಂಗಾಣಿಯ ತುಂಡು, ಅಯಸ್ಕಾಂತ, ಒಂದು ಸೀಸೆ ಆಮ್ಲ: ಇಷ್ಟೇ ಸಲಕರಣೆಗಳಿಂದ ಒಬ್ಬ ವಿದ್ಯಾರ್ಥಿ ಹಲವು ಖನಿಜಗಳ ಗುರುತನ್ನು ಹಿಡಿಯಬಲ್ಲನು.

ಎರಡನೆಯ ಪಾಠ ಶಿಲೆಗಳ ಕಪಾಟಿನದು. ಚಿತ್ರದುರ್ಗದ ಏಳುಸುತ್ತಿನ ಕೋಟೆಯನ್ನು ಕಂಡವರೆಲ್ಲರೂ ಗ್ರಾನೈಟ್ ಶಿಲೆಯನ್ನು ಕಂಡವರೇ. ಕರಗಿದ ಶಿಲಾಪಾಕವು ನೆಲದ ಆಳದಲ್ಲಿಯೇ ನಿಧಾನವಾಗಿ ತಣಿದಾಗ ಹರಳುಗಳು ದೊಡ್ಡದಾಗಿ ಬೆಳೆಯಲು ಅವಕಾಶವಾಗುತ್ತದೆ. ಗ್ರಾನೈಟಿನಲ್ಲಿ ಗಾಜಿನಂತಿರುವ ಬೆಣಚು, ಬಿಳುಪು ಅಥವಾ ನಸುಗೆಂಪಿನ ಫೆಲ್ಡ್‌ಸ್ಪಾರ್, ಕಪ್ಪು ಚುಕ್ಕೆಗಳಂತಹ ಅಭ್ರಕ ಇವು ಕಣ್ಣಿಗೆ ಬೇರೆಬೇರೆಯಾಗಿ ಕಾಣುವುದು ಈ ಕಾರಣದಿಂದ. ಆಳದಲ್ಲಿ ಹುಟ್ಟಿದ ಆ ಶಿಲೆಯು ಇಂದು ಬೆಟ್ಟದ ನೆತ್ತಿಯ ಮೇಲಿದೆಯೆಂದರೆ, ಅದರ ಮೇಲಿದ್ದ ದಪ್ಪನಾದ ಹೊದಿಕೆಯನ್ನೆಲ್ಲ ಮಳೆ, ಗಾಳಿ, ಬಿಸಿಲುಗಳು ಯುಗಯುಗಗಳಲ್ಲಿ ತೆಗೆದುಹಾಕಿವೆ ಎಂದು ಅರ್ಥ. ಭಾರವು ಕಡಿಮೆಯಾದಾಗ ಬಂಡೆಯಲ್ಲಿ ಸೀಳುಗಳು ಹುಟ್ಟುತ್ತವೆ. ಸೀಳುಗಳಲ್ಲಿ ಇಳಿದ ನೀರು ಮೂಲೆಗಳನ್ನು ಮೊದಲು ಸವೆಸುತ್ತದೆ. ಚೌಕನಾದ ಬಂಡೆ ಕ್ರಮೇಣ ದುಂಡಗಾಗುತ್ತದೆ. ಒಂದರ ಮೇಲೊಂದು ಇರಿಸಿದಂತೆ ಕಾಣುವ ಕೋಟೆಯ ಗುಂಡುಗಳನ್ನು ಯಾರೂ ಅಲ್ಲಿ ಎತ್ತಿಡಲಿಲ್ಲ. ಅವು ನಿಂತಲ್ಲಿಯೇ ರೂಪುಗೊಂಡವು. ಕೋಟೆ ಕಟ್ಟಿದ ಕಲ್ಲುಕುಟಿಗರು ಶಿಲೆಯ ಈ ಸ್ವಭಾವವನ್ನು ಬಲ್ಲವರಾಗಿದ್ದರು. ಬಂಡೆಯ ಮೇಲೆ ಸಾಲಾಗಿ ಕುಳಿಗಳನ್ನು ತೋಡಿ, ಬೆಣೆಗಳನ್ನು ಬಡಿದು ಅವರು ಕಲ್ಲನ್ನು ನೇರವಾಗಿ ಸೀಳಿದರು. ಆ ಬೆಣೆಗುಳಿಗಳ ಸಾಲು ಇಂದಿಗೂ ಅಲ್ಲಲ್ಲಿ ಕಾಣುತ್ತದೆ.

ಗ್ರಾನೈಟಿನ ಒಂದು ಹಿಡಿಯಷ್ಟು ತುಂಡನ್ನು ತಂದು ಕಪಾಟಿನಲ್ಲಿಟ್ಟರೆ ಅದರ ಗುಣಗಳೆಲ್ಲ ತಿಳಿಯುತ್ತವೆ. ಆದರೆ ಎಲ್ಲ ಸಾಕ್ಷ್ಯಗಳೂ ಹಿಡಿಗೆ ಸಿಕ್ಕುವಂಥವಲ್ಲ. ಕಪಾಟಿಗೆ ತರಲಾಗದ ಸಾಕ್ಷ್ಯವೊಂದು ಹಿರಿಯೂರು ತಾಲ್ಲೂಕಿನಲ್ಲಿದೆ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯಲ್ಲಿ ಐಮಂಗಲವೆಂಬ ಊರು ಸಿಗುತ್ತದೆ. ಅದರ ಸಮೀಪದ ಮರಡಿಹಳ್ಳಿಯಲ್ಲಿ ಕಪ್ಪು ಹಸಿರು ಛಾಯೆಯ ಒಂದು ಬಂಡೆಯ ಹರವು ಇದೆ. ದೂರದಿಂದ ನೋಡಿದರೆ ವಿಶೇಷವೇನೂ ಕಾಣುವುದಿಲ್ಲ. ಹತ್ತಿರ ಹೋದರೆ, ದಿಂಬುಗಳನ್ನು ಒತ್ತೊತ್ತಾಗಿ ಪೇರಿಸಿಟ್ಟಂತೆ ಬಂಡೆಯ ಮೈಯೆಲ್ಲ ಉಬ್ಬು ಉಬ್ಬಾಗಿರುವುದು ತಿಳಿಯುತ್ತದೆ. ಪ್ರತಿಯೊಂದು ಉಬ್ಬಿನ ಸುತ್ತಲೂ ಬೇರೆ ಬಣ್ಣದ ಒಂದು ಅಂಚು ಇರುತ್ತದೆ. ಇವೇ ದಿಂಬುಲಾವಾ ಶಿಲೆಗಳು.

ಈ ಆಕಾರ ಬರಲು ಕಾರಣವೇನು? ಸುಮಾರು ಸಾವಿರದ ನೂರು ಡಿಗ್ರಿ ಸೆಂಟಿಗ್ರೇಡಿನಷ್ಟು ಕಾವಿನ ಲಾವಾರಸವು ಸಮುದ್ರದ ತಳದ ಬಿರುಕಿನಿಂದ ಹೊರಗೆ ಬಂದೊಡನೆ ತಣ್ಣೀರು ಅದನ್ನು ಮುತ್ತುತ್ತದೆ. ಹೊರಮೈ ಕ್ಷಣಮಾತ್ರದಲ್ಲಿ ಗಟ್ಟಿಯಾಗಿ ಗಾಜಿನಂತಹ ತೊಗಟೆ ಕಟ್ಟುತ್ತದೆ. ಒಳಗೆ ಲಾವಾ ಇನ್ನೂ ದ್ರವವಾಗಿಯೇ ಇದ್ದು, ಹಿಂದಿನಿಂದ ಒತ್ತಡ ಬರುತ್ತಲೇ ಇರುತ್ತದೆ. ತೊಗಟೆ ಒಂದೆಡೆ ಬಿರಿದು, ಅಲ್ಲಿಂದ ಹೊಸದೊಂದು ಉಂಡೆ ಹೊರಬರುತ್ತದೆ; ಅದರ ಮೇಲೆಯೂ ತೊಗಟೆ ಕಟ್ಟುತ್ತದೆ. ಹೀಗೆ ಉಂಡೆಯ ಮೇಲೆ ಉಂಡೆ ಬಿದ್ದು ರಾಶಿ ಬೆಳೆಯುತ್ತದೆ. ಈ ಕ್ರಿಯೆಯು ಬರಿಯ ಊಹೆಯಲ್ಲ. 1970ರ ದಶಕದ ಆರಂಭದಲ್ಲಿ ಹವಾಯಿ ದ್ವೀಪದ ಜ್ವಾಲಾಮುಖಿಯ ಲಾವಾ ಕಡಲಿಗೆ ಹರಿದಾಗ ವಿಜ್ಞಾನಿಗಳು ನೀರಿನಲ್ಲಿ ಮುಳುಗಿ, ದಿಂಬುಗಳು ಹುಟ್ಟುವುದನ್ನು ಕಣ್ಣಾರೆ ಕಂಡು ಚಿತ್ರೀಕರಿಸಿದರು. ಹವಾಯಿಯ ನೀರಿನಲ್ಲಿ ಅಂದು ಕಂಡುದು ಮರಡಿಹಳ್ಳಿಯ ನೆಲದಲ್ಲಿ 250 ಕೋಟಿ ವರ್ಷಗಳಿಗೂ ಹಿಂದೆ ನಡೆದಿತ್ತು. ಮಳೆಗಾಗಿ ಮುಗಿಲು ನೋಡುವ ಈ ಬಯಲುಸೀಮೆಯಲ್ಲಿ ಒಂದಾನೊಂದು ಕಾಲಕ್ಕೆ ಕಡಲು ಇತ್ತೆಂಬುದಕ್ಕೆ ಆ ದಿಂಬುಗಳೇ ಸಾಕ್ಷಿ.

ದಿಂಬುಗಳು ಇನ್ನೂ ಒಂದು ಸಂಗತಿಯನ್ನು ಹೇಳುತ್ತವೆ. ಮೃದುವಾದ ಹೊಸ ಉಂಡೆಯು ಕೆಳಗಿನ ಎರಡು ಉಂಡೆಗಳ ನಡುವಣ ಸಂದಿಗೆ ಇಳಿದು ಕೂರುವುದರಿಂದ, ಅದರ ತಲೆ ದುಂಡಗೂ ಬುಡ ಚೂಪಾಗಿಯೂ ಆಗುತ್ತದೆ. ಭೂಮಿಯ ಒತ್ತಡದಿಂದ ಪದರಗಳು ಮುಂದೆ ವಾಲಬಹುದು, ತಲೆಕೆಳಗೂ ಆಗಬಹುದು. ಆಗಲೂ ಚೂಪಾದ ಬುಡ ಯಾವ ಕಡೆಗಿದೆಯೆಂದು ನೋಡಿ, ಮೂಲದಲ್ಲಿ ಮೇಲಿದ್ದುದು ಯಾವುದು, ಕೆಳಗಿದ್ದುದು ಯಾವುದು ಎಂಬುದನ್ನು ತೀರ್ಮಾನಿಸಬಹುದು. ಈ ದಿಂಬುಗಳಲ್ಲಿ ಒಂದನ್ನು ಕಿತ್ತು ಸಂಗ್ರಹಾಲಯದ ಮೇಜಿನ ಮೇಲೆ ಇಟ್ಟರೆ ಅದು ಬರಿಯ ಕರಿಯ ಕಲ್ಲು. ಅದರ ಅಕ್ಕಪಕ್ಕದವುಗಳೊಡನೆ ಇದ್ದಾಗ ಮಾತ್ರ ಅದು ದಿಕ್ಕನ್ನು ಹೇಳಬಲ್ಲುದು. ಈ ಮಹತ್ತ್ವವನ್ನು ಗಮನಿಸಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು 1976ರಲ್ಲಿ ಮರಡಿಹಳ್ಳಿಯ ದಿಂಬುಲಾವಾವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿತು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ, ಮಲ್ಪೆಯ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಇವೂ ಇಂತಹ ಸ್ಮಾರಕಗಳೇ. ಸೇಂಟ್ ಮೇರೀಸ್ ದ್ವೀಪದ ಲಾವಾಕ್ಕೆ ಸುಮಾರು 8.8 ಕೋಟಿ ವರ್ಷ. ಮರಡಿಹಳ್ಳಿಯ ಲಾವಾ ಅದಕ್ಕಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಹಳೆಯದು.

ಸ್ಥಳದಲ್ಲಿಯೇ ಇರುವ ಕಲ್ಲು ವಿದ್ವಾಂಸರ ಅಭಿಪ್ರಾಯವನ್ನೂ ತಿದ್ದಬಲ್ಲುದು. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಬಳಿ ಪಾಯಸದಲ್ಲಿ ದ್ರಾಕ್ಷಿ ಗೋಡಂಬಿಗಳು ಹುದುಗಿರುವಂತೆ, ನಾನಾ ಬಗೆಯ ಉಂಡೆಗಲ್ಲುಗಳು ಹುದುಗಿರುವ ಒಂದು ಶಿಲೆ ಇದೆ. ಇಂತಹ ಶಿಲೆಯನ್ನು ಪಿಂಡಶಿಲೆ ಎನ್ನುತ್ತಾರೆ. ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಡಬ್ಲ್ಯು. ಎಫ್. ಸ್ಮೀತ್ ಅವರು ಧಾರವಾಡ ಶಿಲೆಗಳೆಲ್ಲವೂ ಅಗ್ನಿಯಿಂದ ಹುಟ್ಟಿದವೆಂದೂ, ನೀರಿನಲ್ಲಿ ಸಂಚಯವಾದಂತೆ ಕಾಣುವ ಲಕ್ಷಣಗಳು ಮುಂದೆ ಒತ್ತಡ ಮತ್ತು ಮಾರ್ಪಾಡುಗಳಿಂದ ಬಂದವೆಂದೂ ಭಾವಿಸಿದ್ದರು. 1916ರ ವೇಳೆಗೆ ಸಂಸ್ಥಾನದ ಭೂಪಟ ಸಿದ್ಧವಾದಾಗ ಈ ಅಭಿಪ್ರಾಯವೇ ಪ್ರಬಲವಾಗಿತ್ತು. ಆದರೆ ಅದೇ ಇಲಾಖೆಯ ಅಧಿಕಾರಿಗಳು ಮತ್ತೆ ಮತ್ತೆ ಬಂಡೆಗಳ ಬಳಿಗೆ ಹೋದರು. ಉಂಡೆಗಲ್ಲುಗಳು ಹೊಳೆಯ ಕಲ್ಲುಗಳಂತೆ ಸವೆದಿರುವುದನ್ನೂ, ಬೇರೆ ಶಿಲೆಗಳಲ್ಲಿ ನೀರಿನ ತೆರೆಯ ಗುರುತುಗಳು ಉಳಿದಿರುವುದನ್ನೂ ಕಂಡರು. 1940ರಲ್ಲಿ ಬಿ. ರಾಮರಾವ್ ಅವರು ಪ್ರಕಟಿಸಿದ ಗ್ರಂಥದಲ್ಲಿ, ಈ ಸಮೂಹದಲ್ಲಿ ನೀರಿನಿಂದ ಸಂಚಯವಾದ ಶಿಲೆಗಳೂ ಸಾಕಷ್ಟಿವೆಯೆಂಬುದು ಸ್ಪಷ್ಟವಾಗಿ ಸ್ಥಾಪಿತವಾಯಿತು. ಹಿರಿಯರ ಮಾತನ್ನು ಕಿರಿಯರು ಅಲ್ಲಗಳೆದುದು ವಾದಬಲದಿಂದಲ್ಲ, ಕಲ್ಲಿನ ಸಾಕ್ಷ್ಯದಿಂದ. ಆ ಬಂಡೆಗಳು ಅಷ್ಟರಲ್ಲಿ ಒಡೆದು ಜಲ್ಲಿಯಾಗಿದ್ದರೆ ತಪ್ಪನ್ನು ತಿದ್ದುವ ದಾರಿಯೇ ಮುಚ್ಚಿಹೋಗುತ್ತಿತ್ತು.

ಪಿಂಡಶಿಲೆಯಲ್ಲಿ ಸರಳವಾದ ಒಂದು ತರ್ಕವೂ ಅಡಗಿದೆ. ಗೋಡೆಗಿಂತ ಇಟ್ಟಿಗೆ ಹಳೆಯದು. ಹಾಗೆಯೇ ಪಿಂಡಶಿಲೆಗಿಂತ ಅದರೊಳಗಿನ ಉಂಡೆಗಲ್ಲು ಹಳೆಯದು. ಕಡಲು ಬರುವುದಕ್ಕೆ ಮೊದಲೇ ಅಲ್ಲಿ ನೆಲವಿತ್ತು, ಬೆಟ್ಟಗಳಿದ್ದುವು, ಅವುಗಳಿಂದ ಕಲ್ಲುಗಳನ್ನು ಉರುಳಿಸಿ ತಂದ ಹೊಳೆಗಳಿದ್ದುವು ಎಂಬುದನ್ನು ಆ ಉಂಡೆಗಳು ತಿಳಿಸುತ್ತವೆ.

ಇನ್ನು ಉಳಿದುದು ಪಳೆಯುಳಿಕೆಗಳ ಪೆಟ್ಟಿಗೆ. ಬೇರೆ ನಾಡುಗಳಿಂದ ತಂದ ಶಂಖ, ಚಿಪ್ಪು, ಮೀನುಗಳ ಅಚ್ಚುಗಳನ್ನು ಅಲ್ಲಿ ಕಾಣಬಹುದು. ಚಿತ್ರದುರ್ಗದ ಈ ಶಿಲೆಗಳಲ್ಲಿ ಅಂಥವನ್ನು ಹುಡುಕುವುದು ವ್ಯರ್ಥ. ಗಟ್ಟಿಯಾದ ಚಿಪ್ಪುಳ್ಳ ಪ್ರಾಣಿಗಳು ಹೇರಳವಾದುದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಈ ಶಿಲೆಗಳಾದರೋ ಅದಕ್ಕಿಂತ ಬಹಳ ಹಳೆಯವು. ಆದರೂ ಇಲ್ಲಿ ಜೀವದ ಗುರುತು ಇಲ್ಲವೆನ್ನುವಂತಿಲ್ಲ. ಆಳವಿಲ್ಲದ ಕಡಲಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಪಾಚಿಯಂತೆ ತಳಕ್ಕೆ ಹಬ್ಬಿಕೊಂಡು, ಸುಣ್ಣದ ಕಣಗಳನ್ನು ತಮ್ಮ ಅಂಟಿನಲ್ಲಿ ಹಿಡಿದವು. ಕಣಗಳು ಮುಚ್ಚಿದಂತೆಲ್ಲ ಬೆಳಕಿಗಾಗಿ ಮತ್ತೆ ಮೇಲೆ ಬೆಳೆದವು. ಈರುಳ್ಳಿಯ ಸಿಪ್ಪೆಗಳಂತೆ ಪದರದ ಮೇಲೆ ಪದರ ಕೂಡಿ ಗುಮ್ಮಟದ ಆಕಾರಗಳು ಉಂಟಾದವು. ಇವಕ್ಕೆ ಸ್ಟ್ರೊಮ್ಯಾಟೊಲೈಟ್ ಎಂದು ಹೆಸರು. ಚಿತ್ರದುರ್ಗ ಶಿಲಾಪಟ್ಟಿಯಲ್ಲಿರುವ ಇಂತಹ ರಚನೆಗಳನ್ನು ವಿಜ್ಞಾನಿಗಳು 1989ರಲ್ಲಿ ವಿವರವಾಗಿ ವರ್ಣಿಸಿದರು. ದೊಡ್ಡ ಪ್ರಾಣಿಯ ಮೂಳೆಯನ್ನು ಅರಸಿ ಬಂದವರಿಗೆ ಈ ಗೆರೆಗಲ್ಲು ನಿರಾಶೆಯನ್ನು ತರಬಹುದು. ಆದರೆ ಬೆಳಕಿನ ಬಲದಿಂದ ಆಹಾರವನ್ನು ತಯಾರಿಸಿ ಆಮ್ಲಜನಕವನ್ನು ಹೊರಬಿಡುವ ವಿದ್ಯೆಯನ್ನು ಕಲಿತವು ಇಂತಹ ಸೂಕ್ಷ್ಮಜೀವಿಗಳೇ. ಕಡಲ ನೀರಿನಲ್ಲಿ ಕರಗಿದ್ದ ಕಬ್ಬಿಣವು ತುಕ್ಕಿನಂತೆ ತಳಕ್ಕೆ ಇಳಿದು ಪದರಗಟ್ಟುವುದರಲ್ಲಿಯೂ ಸೂಕ್ಷ್ಮಜೀವಿಗಳ ಪಾತ್ರವಿತ್ತೆಂಬುದು ಅನೇಕ ವಿಜ್ಞಾನಿಗಳ ಅಭಿಪ್ರಾಯ. ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ತಾಲ್ಲೂಕುಗಳ ಗುಡ್ಡಗಳಲ್ಲಿ ಕೆಂಪು ಕಪ್ಪು ಪಟ್ಟೆಗಳಾಗಿ ಕಾಣುವ ಕಬ್ಬಿಣದ ಶಿಲೆಗಳು ಆ ಕಾಲದ ಕಡಲಿನ ಕೊಡುಗೆ.

ಮನುಷ್ಯನು ಈ ಕೊಡುಗೆಗಳನ್ನು ಬಹು ಹಿಂದಿನಿಂದಲೂ ಬಳಸುತ್ತ ಬಂದಿದ್ದಾನೆ. ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲದಲ್ಲಿ ಗಾಜಿನ ಬಳೆಗಳಿಗೆ ಹೆಸರಾಗಿತ್ತು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಕುಲುಮೆಗಳ ವಿಷಯವನ್ನು ತನ್ನ ಪ್ರವಾಸ ಕಥನದಲ್ಲಿ ಬರೆದಿದ್ದಾನೆ. ಬೆಣಚುಕಲ್ಲಿನ ಪುಡಿ ಸೌಳು ಉಪ್ಪಿನೊಡನೆ ಕಾದು ಕರಗಿದರೆ ಗಾಜು. ಅದಕ್ಕೆ ಲೋಹದ ಅದಿರು ಬೆರೆತರೆ ಬಣ್ಣ. ಭೂವಿಜ್ಞಾನದ ಹೆಸರನ್ನು ಕೇಳದ ಬಳೆಗಾರರೂ ತಮ್ಮ ಊರಿನ ಕಲ್ಲುಮಣ್ಣುಗಳ ಗುಣವನ್ನು ಕೈಯಾರೆ ಅರಿತಿದ್ದರು. ಹಾಗೆಯೇ ವೇದಾವತಿಯು ಎರಡು ಗುಡ್ಡಗಳ ನಡುವೆ ನುಸುಳಿ ಬರುವ ಮಾರಿಕಣಿವೆಯ ಇಕ್ಕಟ್ಟನ್ನು ಆರಿಸಿಕೊಂಡು 1898ರಿಂದ 1907ರ ವರೆಗೆ ವಾಣಿವಿಲಾಸ ಸಾಗರದ ಅಣೆಕಟ್ಟನ್ನು ಕಟ್ಟಲಾಯಿತು. ಗಟ್ಟಿಯಾದ ಶಿಲೆಯ ಹೆಗಲುಗಳು ದೊರೆತುದರಿಂದಲೇ ಅಲ್ಲಿ ಅಷ್ಟು ದೊಡ್ಡ ಜಲರಾಶಿಯನ್ನು ತಡೆಯುವುದು ಸಾಧ್ಯವಾಯಿತು.

ಊರಿನ ಜನರು ತಮ್ಮ ಕಲ್ಲುಗಳನ್ನು ಬಲ್ಲರು. ವಿಜ್ಞಾನಲೋಕವು ಆ ಕಲ್ಲುಗಳ ಮೂಲಕ ಊರುಗಳನ್ನು ಬಲ್ಲದು. 1981ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಪ್ರಕಟಿಸಿದ ಗ್ರಂಥದಲ್ಲಿ ಈ ಶಿಲಾಪಟ್ಟಿಯ ಪದರಗಳ ಕ್ರಮವನ್ನು ನಿರೂಪಿಸುವಾಗ ವಾಣಿವಿಲಾಸ, ಇಂಗಳದಾಳು, ಹಿರಿಯೂರು ಎಂಬ ಹೆಸರುಗಳನ್ನು ಬಳಸಲಾಯಿತು. ದೂರದ ದೇಶಗಳಲ್ಲಿ ಭೂಮಿಯ ಪ್ರಾಚೀನ ಚರಿತ್ರೆಯನ್ನು ಅಭ್ಯಾಸ ಮಾಡುವವರು ಈ ಊರುಗಳ ಹೆಸರನ್ನು ಉಚ್ಚರಿಸುತ್ತಾರೆ. ಆ ಹೆಸರುಗಳಿಗೆ ಅರ್ಥ ಉಳಿಯಬೇಕಾದರೆ ಆ ಊರುಗಳ ಬಂಡೆಗಳು ಉಳಿಯಬೇಕು.

ಕಲ್ಲಿನ ಅಗತ್ಯ ಯಾರಿಗೆ ಇಲ್ಲ? ಮನೆಗೆ ತಳಪಾಯ ಬೇಕು, ರಸ್ತೆಗೆ ಜಲ್ಲಿ ಬೇಕು, ಕಾರ್ಖಾನೆಗೆ ಅದಿರು ಬೇಕು. ಅಗೆಯಲೇಬಾರದೆಂದು ಹೇಳುವುದು ವಿವೇಕವಲ್ಲ. ಆದರೆ ಕಡಿದ ಮರದ ಜಾಗದಲ್ಲಿ ಇನ್ನೊಂದು ಸಸಿಯನ್ನು ನೆಡಬಹುದು. ಒಡೆದ ದಿಂಬುಗಲ್ಲಿನ ಜಾಗದಲ್ಲಿ ಇನ್ನೊಂದು ಬೆಳೆಯುವುದಿಲ್ಲ. ದಿಂಬುಗಳ ಬಂಡೆಯೂ ಸಾಮಾನ್ಯ ಕಪ್ಪು ಬಂಡೆಯೂ ಸುತ್ತಿಗೆಯ ಏಟಿಗೆ ಒಂದೇ ಬಗೆಯ ಜಲ್ಲಿಯನ್ನು ಕೊಡುತ್ತವೆ. ಅವೆರಡರ ಭೇದವನ್ನು ಸುತ್ತಿಗೆ ಅರಿಯದು. ಸುತ್ತಿಗೆಯನ್ನು ಹಿಡಿದವರು ಅರಿಯಬೇಕು. ಸಂಗ್ರಹಾಲಯವಿರುವುದು ಮುಖ್ಯವಾಗಿ ಈ ಅರಿವಿಗಾಗಿ. ಅದು ಬೆಟ್ಟಕ್ಕೆ ಬದಲಿಯಲ್ಲ. ಬೆಟ್ಟವನ್ನು ಓದುವುದಕ್ಕೆ ಬೇಕಾದ ಅಕ್ಷರಮಾಲೆ. ಅಕ್ಷರಗಳನ್ನು ಅಲ್ಲಿ ಕಲಿತು, ಗ್ರಂಥವನ್ನು ಬಯಲಿನಲ್ಲಿ ಓದಬೇಕು.

ಇಂತಹ ಅಕ್ಷರಮಾಲೆಯೊಂದನ್ನು ಪ್ರತಿಯೊಂದು ಶಾಲೆಯೂ ಸಿದ್ಧಪಡಿಸಬಹುದು. ಅದಕ್ಕೆ ಹಣ ಬೇಕಿಲ್ಲ. ಹೊಲದಲ್ಲಿ, ಹಳ್ಳದಲ್ಲಿ, ಬಾವಿ ತೋಡಿದ ಮಣ್ಣಿನ ಗುಡ್ಡೆಯಲ್ಲಿ ಬಿಡಿಬಿಡಿಯಾಗಿ ಬಿದ್ದಿರುವ ಕಲ್ಲುಗಳು ಸಾಕು. ಸ್ಮಾರಕವಾಗಿ ನಿಂತಿರುವ ಬಂಡೆಗೆ ಮಾತ್ರ ಸುತ್ತಿಗೆಯನ್ನು ಮುಟ್ಟಿಸಬಾರದು; ಅಲ್ಲಿ ಚಿತ್ರ ಬರೆದುಕೊಂಡು ಬಂದರೆ ಸಾಕು. ತಂದ ಪ್ರತಿಯೊಂದು ಕಲ್ಲಿಗೂ ಸಂಖ್ಯೆ, ದೊರೆತ ಸ್ಥಳ, ದಿನಾಂಕ, ತಂದವರ ಹೆಸರು ಇರಬೇಕು. ಕಲ್ಲಿನ ಹೆಸರು ತಿಳಿಯದಿದ್ದರೂ ಚಿಂತೆಯಿಲ್ಲ. ಅದನ್ನು ಬಲ್ಲವರು ಹತ್ತು ವರ್ಷಗಳ ಅನಂತರ ಬಂದು ಹೇಳಿಯಾರು. ಆದರೆ ಅದು ದೊರೆತ ಸ್ಥಳವನ್ನು, ತಂದವರು ಬರೆದಿಡದಿದ್ದರೆ, ಮುಂದೆ ಯಾರೂ ಹೇಳಲಾರರು.